ಹುನಗುಂದದ ಅಡುಗೆ ಕಟ್ಟೆ: ಕಡಪಾ ಕಿತ್ತು ಇಳಕಲ್ ಕಲ್ಲು ಕೂಡಿಸಿದ ಕೆಲಸದ ಟಿಪ್ಪಣಿ

ಊರು ಹುನಗುಂದ, ನೆಲ ಎರಿ (ಕಪ್ಪು ಮಣ್ಣು). ಎಲ್ ಆಕಾರದ ಕಟ್ಟೆ: ಉದ್ದ ಗೋಡೆಗೆ 10 ಅಡಿ 2 ಇಂಚು, ಗಿಡ್ಡ ಗೋಡೆಗೆ 6 ಅಡಿ 4 ಇಂಚು. ಹಳೆಯದು ಕರಿ ಕಡಪಾ. ಸಿಂಕಿನ ಎರಡು ಮೂಲೆಯಿಂದ ಸೀಳು ಹೊರಟು ಮುಂದಿನ ಅಂಚಿನವರೆಗೂ ಬಂದಿತ್ತು. ಅದರೊಳಗಿಂದ ಇಳಿದ ನೀರಿಗೆ ಕೆಳಗಿನ ಹಿಟ್ಟಿನ ಡಬ್ಬಿಗಳ ತಳ ತುಕ್ಕು ಹಿಡಿದಿದ್ದವು. ಮನೆಯವರ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ: "ಈ ಸಲ ಯಾವ ಕಲ್ಲ ಹಾಕೂಣ್ರಿ?" ಉತ್ತರ ಕೊಡಲು ಎರಡು ದಿನ ಸಾಕಾಯಿತು. ಉಳಿದ ದಿನಗಳೆಲ್ಲ ಕಲ್ಲಿನ ಕೆಳಗಿನ ಕೆಲಸಕ್ಕೇ ಹೋದವು.

ದಿನ 1: ಬಿಚ್ಚಿದ್ದು

ಒಡೆಯುವ ಮೊದಲು ಕಟ್ಟೆಯ ಮೇಲೆ ಈ ತುದಿಯಿಂದ ಆ ತುದಿಗೆ ದಾರ ಬಿಗಿದು ನೋಡಿದಾಗ ನಡುವೆ 6 ಮಿ.ಮೀ. ತಗ್ಗು. ಕಡಪಾ ಒಂದು ತುದಿಯಲ್ಲಿ ಗೋಡೆಯೊಳಗೆ ಕೂತಿತ್ತು, ನಡುವೆ ಸಿಂಕಿನ ಪಕ್ಕದ ನಾಲ್ಕೂವರೆ ಇಂಚಿನ ಇಟ್ಟಂಗಿ ಗೋಡೆಯ ಮೇಲೆ. ಆ ಗೋಡೆಯ ಬುಡ ಅಗೆದರೆ ಬುನಾದಿಯೇ ಇಲ್ಲ. ನೆಲಕ್ಕೆ ಹಾಸಿದ ಪರಸಿ ಕಲ್ಲು, ಅದರ ಕೆಳಗೆ ಎರಡು ಇಂಚು ಕಾಂಕ್ರೀಟು, ಅದರ ಕೆಳಗೆ ಸರಿಯಾಗಿ ದಮ್ಮಸು ಮಾಡದ ಗರಸು, ಕೆಳಗೆ ಎರಿ ಮಣ್ಣು. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮನೆಯ ಗೋಡೆ ಬುನಾದಿಯ ಮೇಲಿರುವುದರಿಂದ ಕದಲುವುದಿಲ್ಲ, ನಡುವಿನ ಪುಟ್ಟ ಗೋಡೆ ಮಾತ್ರ ಪರಸಿಯ ಜೊತೆ ಏರಿ ಇಳಿಯುತ್ತದೆ. ಒಂದು ತುದಿ ಗಟ್ಟಿ, ಒಂದು ತುದಿ ಸಡಿಲ ಅಂದರೆ ಕಲ್ಲು ತನ್ನ ಸಣಕಲು ಜಾಗದಲ್ಲೇ ಸೀಳಬೇಕು, ಆ ಜಾಗ ಯಾವಾಗಲೂ ಸಿಂಕಿನ ಮೂಲೆ. ಇಲ್ಲಿ ಕಡಪಾ ಬದಲು ಯಾವ ದುಬಾರಿ ಕಲ್ಲು ಇದ್ದರೂ ಸೀಳುತ್ತಿತ್ತು.

ಹಾಗಾಗಿ ಕಲ್ಲು ನೋಡಲು ಹೋಗುವ ಮೊದಲೇ ಒಂದು ತೀರ್ಮಾನ: ಹೊಸ ಕಟ್ಟೆಯ ಭಾರ ಪರಸಿಯ ಮೇಲೆ ಒಂದು ಕಿಲೋ ಕೂಡ ಇಳಿಯಬಾರದು, ಇಡಿಯಾಗಿ ಗೋಡೆಗೇ ಜೋತು ಬೀಳಬೇಕು.

ಹಳೆ ಕಡಪಾ ಒಡೆಯದೆ ಬಿಡಿಸಿಕೊಂಡದ್ದು ಮುಂದೆ ಉಪಯೋಗಕ್ಕೆ ಬಂತು. ಅಂಚಿನ ಗಾರೆಯನ್ನು ಸಣ್ಣ ಉಳಿಯಿಂದ ತೆಗೆದು, ಹಾರೆಯನ್ನು ಕಟ್ಟಿಗೆ ತುಂಡಿನ ಮೇಲೆ ಆನಿಸಿ ಎತ್ತಿದರೆ ಹಾಳೆ ಇಡಿಯಾಗಿ ಬರುತ್ತದೆ. ಸುತ್ತಿಗೆ ಬೀಸಿದರೆ ಮೂರು ತುಂಡು.

ದಿನ 2: ಐದು ತುಂಡು, ಒಂದು ರಾತ್ರಿ

ಅಂಗಡಿಗಳಿಂದ ಅಂಗೈ ಅಗಲದ ತುಂಡು ತಂದದ್ದು ನಾಲ್ಕು: ಇಳಕಲ್ ಕೆಂಪು ಗ್ರಾನೈಟ್, ಅಮೃತಶಿಲೆಯಂತೆ ಕಾಣುವ ಬಿಳಿ ಗ್ರಾನೈಟ್, ಕ್ವಾರ್ಟ್ಜ್ ಎಂದು ಮಾರುವ ಕೃತಕ ಕಲ್ಲು, 15 ಮಿ.ಮೀ. ದಪ್ಪದ ವಿಟ್ರಿಫೈಡ್ ಹಾಳೆ. ಐದನೆಯದು ಕಿತ್ತ ಕಡಪಾದ ಚೂರು. ಹೊಳಪು ಎಲ್ಲಕ್ಕೂ ಇರುತ್ತದೆ, ಅದನ್ನು ನೋಡಿ ಕಲ್ಲು ಆರಿಸಲು ಬರುವುದಿಲ್ಲ. ಈ ಭಾಗದ ಅಡುಗೆಮನೆಯಲ್ಲಿ ಕಟ್ಟೆಯ ಮೇಲೆ ಏನೇನು ಬೀಳುತ್ತದೋ ಅದನ್ನೇ ಹಾಕಿ ನೋಡಬೇಕು. ಲಿಂಬೆ, ಹುಣಸೆ ರಸ, ಅರಿಶಿನ ಬೆರೆಸಿದ ಖಾರದ ಎಣ್ಣೆ, ಒಲೆಯಿಂದ ಇಳಿಸಿದ ರೊಟ್ಟಿ ಹಂಚು, ಕೈಯಿಂದ ಜಾರಿದ ಕುಟ್ಟಾಣಿ.

ಲಿಂಬೆ, ಅರ್ಧ ತಾಸು: ಕಡಪಾದ ಮೇಲೆ ಹನಿ ಬಿದ್ದ ಕೂಡಲೆ ಸಣ್ಣಗೆ ನೊರೆ ಎದ್ದಿತು, ಒರೆಸಿದಾಗ ಎಂಟಾಣೆ ಅಗಲದ ಬೂದು ಕಲೆ. ಕಡಪಾ ಅಂದರೆ ಕರಿ ಸುಣ್ಣಕಲ್ಲು. ಹುಳಿ ಅದನ್ನು ತಿನ್ನುತ್ತದೆ. ಇದು ಕಲೆಯಲ್ಲ, ಪಾಲಿಶೇ ಸವೆದದ್ದು, ಏನು ಹಚ್ಚಿ ತಿಕ್ಕಿದರೂ ಹೋಗದು. ಹುಣಸೆ ರಸಕ್ಕೂ ಇದೇ ಗತಿ, ಸ್ವಲ್ಪ ನಿಧಾನ. ಉಳಿದ ನಾಲ್ಕಕ್ಕೆ ಏನೂ ಆಗಲಿಲ್ಲ.

ಖಾರದ ಎಣ್ಣೆ, ರಾತ್ರಿಯಿಡೀ: ಬಿಳಿ ಗ್ರಾನೈಟ್ ಇಲ್ಲಿ ಸೋತಿತು. ಬೆಳಿಗ್ಗೆ ಒರೆಸಿದರೆ ಕಲ್ಲಿನೊಳಗೆ ಹಳದಿ ನೆರಳು ಉಳಿದಿತ್ತು. ಅಡುಗೆ ಸೋಡಾವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಟ್ಟಾಗ ಎಣ್ಣೆಯ ನೆರಳು ಮುಕ್ಕಾಲು ಪಾಲು ಹೋಯಿತು, ಅರಿಶಿನ ಉಳಿಯಿತು. ಕಲ್ಲು ಎಣ್ಣೆ, ನೀರು ಕುಡಿಯದಂತೆ ಮಾಡುವ ಸೀಲರ್ ಹಚ್ಚಿದರೆ ತಡೆಯುತ್ತದೆ, ಆದರೆ ಸೀಲರ್ ಸವೆಯುತ್ತದೆ, ಮತ್ತೆ ಮತ್ತೆ ಹಚ್ಚಬೇಕು. ದಿನಾ ಒಗ್ಗರಣೆ ಸಿಡಿಯುವ ಕಟ್ಟೆಗೆ ಆ ಉಸಾಬರಿ ಯಾರಿಗೆ ಬೇಕು? ಇಳಕಲ್ ತುಂಡಿನ ಮೇಲೆ ಏನೂ ಕಾಣಲಿಲ್ಲ.

ಬಿಸಿ ಹಂಚು, ಮೂರು ನಿಮಿಷ: ಕ್ವಾರ್ಟ್ಜ್ ಮೇಲೆ ಹಂಚಿನ ಅಂಚಿನ ಗುಂಟ ಮಂಕು ಹಳದಿ ಬಳೆ ಮೂಡಿತು. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕಲ್ಲಿನ ಪುಡಿಯೇ, ಆದರೆ ಹಿಡಿದಿಟ್ಟಿರುವುದು ರಾಳ, ಸುಡುವುದು ಅದು. ರೊಟ್ಟಿ ಮುಗಿದ ಮೇಲೆ ಹಂಚನ್ನು ಪಕ್ಕಕ್ಕೆ ಸರಿಸುವ ರೂಢಿ ಇರುವ ಮನೆಗೆ ಇದು ಆಗಿಬರುವುದಿಲ್ಲ. ಅಂದಹಾಗೆ, ಈ ಕೃತಕ ಕಲ್ಲನ್ನು ಒಣಗಿದ್ದಾಗ ಕೊಯ್ದರೆ ಏಳುವ ಸಿಲಿಕಾ ದೂಳು ಕೊಯ್ಯುವವರ ಪುಪ್ಪುಸ ತಿನ್ನುತ್ತದೆ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇದನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಪ್ರಮಾಣ ಕಡಿಮೆ ಅಷ್ಟೆ. ಯಾವ ಕಲ್ಲೇ ಇರಲಿ, ಬ್ಲೇಡಿನ ಮೇಲೆ ನೀರು ಬಿಡದೆ ಕೊಯ್ಯಲು ಕೊಡಬಾರದು.

ಪೆಟ್ಟು: ಒಂದು ಕಿಲೋ ತೂಕದ ಬಟ್ಟು, ಒಂದು ಅಡಿ ಎತ್ತರದಿಂದ ಅಂಚಿನ ಮೇಲೆ. ವಿಟ್ರಿಫೈಡ್ ಹಾಳೆಯಿಂದ ಉಗುರಿನಷ್ಟು ಚಕ್ಕೆ ಹಾರಿತು. ಅದರ ವಿನ್ಯಾಸ ಮೇಲ್ಪದರದಲ್ಲಷ್ಟೇ ಇದ್ದದ್ದರಿಂದ ಒಳಗಿನ ಬೇರೆ ಬಣ್ಣ ಬಯಲಾಯಿತು. ಇಳಕಲ್ ತುಂಡಿಗೆ ಸಾಸಿವೆಯಷ್ಟು ಗುಳಿ.

ಕೊನೆಗೆ ಚಾಕು ಎಳೆದು ನೋಡಿದ್ದು. ಕಡಪಾಕ್ಕೆ ಗೀರು ಬಿತ್ತು. ಗ್ರಾನೈಟಿನ ಮೇಲೆ ಗೀರಿನಂತೆ ಕಂಡದ್ದು ಚಾಕುವಿನದೇ ಉಕ್ಕು, ಒರೆಸಿದರೆ ಹೋಯಿತು.

ಕರಿ ಗ್ರಾನೈಟ್ ಪರೀಕ್ಷೆಯ ಸಾಲಿಗೇ ಬರಲಿಲ್ಲ. ಕಲ್ಲಿನ ದೋಷ ಏನಿಲ್ಲ, ನೀರಿನ ದೋಷ. ಮನೆಗೆ ಬೋರಿನ ಗಡಸು ನೀರು, ಕಪ್ಪು ಕಲ್ಲಿನ ಮೇಲೆ ಒಂದೊಂದು ಹನಿಯೂ ಒಣಗಿ ಬಿಳಿ ಚುಕ್ಕಿಯಾಗುತ್ತದೆ. ಆಯ್ಕೆ ಇಳಕಲ್ ಕೆಂಪು. ಚುಕ್ಕಿ ಚುಕ್ಕಿಯ ಮೈಯಾದ್ದರಿಂದ ಹಿಟ್ಟಿನ ಪುಡಿಯೂ ನೀರಿನ ಕಲೆಯೂ ಕಣ್ಣಿಗೆ ರಾಚುವುದಿಲ್ಲ, ಮೇಲಾಗಿ ಕಲ್ಲು ಪಕ್ಕದ ಊರಿನದೇ.

ದಿನ 4: ಇಳಕಲ್

ಹಾಳೆಯ ಲೆಕ್ಕ ಮನೆಯಲ್ಲೇ ಮಾಡಿ ಹೊರಟದ್ದು. ಕಟ್ಟೆಯ ಆಳ 25 ಇಂಚು. ಮೂಲೆಯಲ್ಲಿ ಕರ್ಣದ ಜೋಡಣೆ ಬೇಡ, ನೇರ ಜೋಡಣೆ ಸಾಕು. ಕರ್ಣದ್ದು ಚಂದ ಕಾಣಬಹುದು, ಆದರೆ ಜೋಡಣೆಯ ಗೆರೆ ಉದ್ದವಾಗುತ್ತದೆ, ಚೂಪು ತುದಿ ಸುಲಭವಾಗಿ ಮುರಿಯುತ್ತದೆ. ಗಿಡ್ಡ ಗೋಡೆಯ ತುಂಡು ಇಡಿಯಾಗಿ 76 ಇಂಚು; ಉದ್ದ ಗೋಡೆಯದು ಮೂಲೆಯ 25 ಇಂಚು ಕಳೆದು 97 ಇಂಚು. ಹೀಗೆ ಮುರಿದರೆ ಹತ್ತಡಿ ಉದ್ದದ ಹಾಳೆ ಹುಡುಕುವ ಪ್ರಮೇಯವೇ ಇಲ್ಲ.

ಎರಡು ಅಡಿ ಅಗಲದ ಹಾಳೆ ಅಗ್ಗ, ಆದರೆ ಕೊರಕಲು ಅಂಚು ತೆಗೆದರೆ ಇಪ್ಪತ್ಮೂರೂವರೆ ಇಂಚೇ ಉಳಿಯುತ್ತದೆ, ಕಟ್ಟೆ ಮುಂದೆ ಚಾಚುವುದೇ ಇಲ್ಲ. ಕೊಂಡದ್ದು ಎರಡೂವರೆ ಅಡಿ ಅಗಲದವು: ಎಂಟೂವರೆ ಅಡಿಯದೊಂದು, ಏಳು ಅಡಿಯದೊಂದು. ಎರಡೂ ಸೇರಿ 38.75 ಚದರಡಿ, ದರ ಚದರಡಿಗೆ 115 ರೂಪಾಯಿ.

ಹಾಳೆ ನೋಡುವ ಕ್ರಮ ಇದು. ಬೆನ್ನು ತಿರುಗಿಸಿ ನೋಡಬೇಕು. ಬೆನ್ನಿಗೆ ಬಲೆ ಅಂಟಿಸಿದ್ದರೆ ಆ ಕಲ್ಲಿಗೆ ತನ್ನ ಕಾಲ ಮೇಲೆ ನಿಲ್ಲುವ ಶಕ್ತಿ ಇಲ್ಲವೇನೋ ಎಂದು ಅನುಮಾನಿಸಬೇಕು. ಮೈಗೆ ಒಂದು ಚೊಂಬು ನೀರು ಸುರಿದು ಒರೆಸಬೇಕು. ಒರೆಸಿದ ಮೇಲೂ ಕೂದಲಿನಂಥ ಒದ್ದೆ ಗೆರೆ ಉಳಿದರೆ ಅದು ಸೀಳು. ಹಾಳೆಯನ್ನು ನಿಲ್ಲಿಸಿ ಬೆರಳ ಗಣ್ಣಿನಿಂದ ಬಡಿದರೆ ಗಂಟೆಯಂತೆ ಟಣ್ ಅನ್ನಬೇಕು, ಬುಡುಬುಡು ಅಂದರೆ ಬೇಡ. ದಪ್ಪವನ್ನು ನಾಲ್ಕೂ ಮೂಲೆಯಲ್ಲಿ ಅಳೆಯಬೇಕು. ಅಂಗಡಿಯವರು 20 ಮಿ.ಮೀ. ಅಂದದ್ದು ಅಳತೆಯಲ್ಲಿ 17.5ರಿಂದ 18.5 ಬಂತು. ಹಾಳೆಯೊಳಗೇ ಒಂದೂವರೆ ಮಿ.ಮೀ.ಗಿಂತ ಹೆಚ್ಚು ಏರುಪೇರು ಇದ್ದರೆ ಜೋಡಣೆಯಲ್ಲಿ ಬೆರಳಿಗೆ ತಡೆಯುತ್ತದೆ. ಕರಿ ಕಲ್ಲು ಕೊಳ್ಳುವವರು ಹತ್ತಿಯಲ್ಲಿ ಉಗುರುಬಣ್ಣ ತೆಗೆಯುವ ಅಸಿಟೋನ್ ಅದ್ದಿ ತಿಕ್ಕಲಿ. ಹತ್ತಿ ಕಪ್ಪಾದರೆ ಬೂದು ಕಲ್ಲಿಗೆ ಬಣ್ಣ ಹೊಡೆದಿದ್ದಾರೆ.

ಮೊದಲ ತಪ್ಪು ಇಲ್ಲಿಯೇ. ಕಟ್ಟೆಯ ಮೈ, ಗೋಡೆಗುಂಟ ನಾಲ್ಕು ಇಂಚಿನ ಸ್ಕರ್ಟಿಂಗ್, ಇವೆರಡರ ಲೆಕ್ಕವೇನೋ ಆಗಿತ್ತು. 30 ಇಂಚಿನಲ್ಲಿ 25 ಕೊಯ್ದರೆ ಉಳಿಯುವ ಪಟ್ಟಿಯಲ್ಲೇ ಸ್ಕರ್ಟಿಂಗ್ ಬರುತ್ತದೆ. ಮುಂದಿನ ಅಂಚು ದಪ್ಪ ಕಾಣಲು ಅಡಿಗೆ ಅಂಟಿಸುವ ಒಂದೂವರೆ ಇಂಚಿನ ಪಟ್ಟಿ ಮರೆತೇ ಹೋಗಿತ್ತು: 97, 51, ತೆರೆದ ತುದಿಯ 25, ಒಟ್ಟು 173 ಇಂಚು, ಅಂದರೆ 14 ಅಡಿ 5 ಇಂಚು. ವಾರ ಬಿಟ್ಟು ಹೋದಾಗ ಆ ಹಾಳೆಗಳ ಜೋಡಿ ಖರ್ಚಾಗಿತ್ತು. ಸಿಕ್ಕ ಒಂದು ಅಡಿ ಅಗಲ, ಆರು ಅಡಿ ಉದ್ದದ ತುಂಡು ಬೇರೆ ಬಂಡೆಯದು. ಕೆಂಪೇ, ಆದರೆ ಸ್ವಲ್ಪ ಕಂದು ಛಾಯೆ. ಮುಂದಿನಿಂದ ಬಗ್ಗಿ ನೋಡಿದವರಿಗೆ ಈಗಲೂ ಕಾಣುತ್ತದೆ. ಬಿಡಿ ತುಂಡೆಂದು ದರವೂ 130 ಆಯಿತು.

ದಿನ 5 ಮತ್ತು 6: ಬ್ರಾಕೆಟ್

ಎತ್ತರ ಮೊದಲು. ಹಳೆ ಕಟ್ಟೆ 34 ಇಂಚು ಇತ್ತು. ಒಲೆಗೆ ಅದು ನಡೆದೀತು, ರೊಟ್ಟಿಗೆ ನಡೆಯದು. ಬಡಿಯುವಾಗ ಭಾರ ಹೆಗಲಿನಿಂದ ಇಳಿಯಬೇಕು, ಕಟ್ಟೆ ಎತ್ತರವಾದರೆ ಮುಂಗೈಯಿಂದಲೇ ಬಡಿಯಬೇಕಾಗಿ ಹತ್ತು ರೊಟ್ಟಿಗೆ ಮಣಿಕಟ್ಟು ಸೋಲುತ್ತದೆ. ರೊಟ್ಟಿ ಮಾಡುವವರನ್ನೇ ನಿಲ್ಲಿಸಿ, ಮೊಣಕೈಯಿಂದ ನೆಲಕ್ಕೆ ಅಳೆದು, ಐದು ಇಂಚು ಕಳೆದದ್ದು: 32 ಇಂಚು ಬಂತು. ಅಡುಗೆಮನೆಯ ಪರಸಿ ಈ ತುದಿಗೂ ಆ ತುದಿಗೂ 14 ಮಿ.ಮೀ. ಏರುಪೇರು ಇದ್ದದ್ದರಿಂದ, ರೊಟ್ಟಿ ಬಡಿಯುವ ಜಾಗದಲ್ಲಿ 32 ಇಂಚು ಹಿಡಿದು, ಅಲ್ಲಿಂದ ನೀರು ತುಂಬಿದ ಲೆವೆಲ್ ಪೈಪಿನಿಂದ ಗೋಡೆಯ ಸುತ್ತ ಗೆರೆ ಹಾಕಿದ್ದು.

ಮೇಲಿನಿಂದ ಕೆಳಕ್ಕೆ ಲೆಕ್ಕ: ಗ್ರಾನೈಟ್ 18 ಮಿ.ಮೀ., ಗಾರೆ 12, ಅಡಿಗೆ ಹಾಸುವ ಹಳೆ ಕಡಪಾ 20. ಒಟ್ಟು 50 ಮಿ.ಮೀ., ಹೆಚ್ಚುಕಡಿಮೆ ಎರಡು ಇಂಚು. ಹಾಗಾಗಿ ಬ್ರಾಕೆಟ್ಟಿನ ತಲೆ 30 ಇಂಚಿಗೆ.

ಬ್ರಾಕೆಟ್ 40×40×5 ಮಿ.ಮೀ. ಕಬ್ಬಿಣದ ಆ್ಯಂಗಲಿನವು (ಎಲ್ ಆಕಾರದ ಪಟ್ಟಿ), ಏಳು. ಪ್ರತಿಯೊಂದಕ್ಕೂ ಅಡ್ಡ ತೋಳು 20 ಇಂಚು, ಗೋಡೆಯೊಳಗೆ ಹೋಗುವ ಬಾಲ 6 ಇಂಚು, ಗೋಡೆಗುಂಟ 15 ಇಂಚಿನ ಕಾಲು, ಓರೆಯಾಗಿ 22 ಇಂಚಿನ ಆನಿಕೆ. ಆರು ಮೀಟರಿನ ಎರಡು ಆ್ಯಂಗಲಿನಲ್ಲಿ ಏಳೂ ಬಂದವು. ಎಡಗೋಡೆಯಿಂದ ಅಳೆದು 10, 34, 62, 80, 97 ಇಂಚಿಗೆ ಐದು. ಗಿಡ್ಡ ಗೋಡೆಗೆ ಎರಡು. ಸಿಂಕು 34 ಮತ್ತು 62ರ ನಡುವೆ ಕೂಡುತ್ತದೆ. 62ರಿಂದ 97ರವರೆಗೆ ರೊಟ್ಟಿಯ ಜಾಗ, ಅದಕ್ಕೇ ಅಲ್ಲಿ ಬ್ರಾಕೆಟ್ ಒತ್ತಾಗಿವೆ. 97ರದ್ದು ಜೋಡಣೆಯ ಗೆರೆಯ ಸರಿ ಕೆಳಗೆ. ಒಲೆ ಮೂಲೆ ದಾಟಿ ಗಿಡ್ಡ ಗೋಡೆಯ ಕಡೆ: ರೊಟ್ಟಿ ಬಡಿದು ಬಲಕ್ಕೆ ಹೊರಳಿದರೆ ಹಂಚು.

ಎರಡನೆಯ ತಪ್ಪು. ಗೋಡೆ ಒಡೆಯುವ ತ್ರಾಸು ಉಳಿಸಲು ಮೊದಲು ಬಾಲವಿಲ್ಲದೆ, 10 ಮಿ.ಮೀ. ಆ್ಯಂಕರ್ ಬೋಲ್ಟಿನಿಂದ ಬ್ರಾಕೆಟ್ ಬಿಗಿಯಲು ನೋಡಿದ್ದು. ಹದಿನಾಲ್ಕು ಬೋಲ್ಟು. ಇಟ್ಟಂಗಿ ಮೆತ್ತನೆಯದು, ಡ್ರಿಲ್ಲಿನ ತೂತು ಅಗಲವಾಗುತ್ತ ಹೋಯಿತು, ನಟ್ಟು ಬಿಗಿದಷ್ಟೂ ಬೋಲ್ಟೇ ತಿರುಗುತ್ತಿತ್ತು. ಆರು ಬೋಲ್ಟು ಹಿಡಿದಂತೆ ಕಂಡವು, ಬ್ರಾಕೆಟ್ಟಿನ ತುದಿಗೆ ಕೈಯೂರಿ ಜೋತುಬಿದ್ದಾಗ ಅವುಗಳಲ್ಲೂ ಎರಡು ಎದ್ದುಬಂದವು. ಆ್ಯಂಕರ್ ಬೋಲ್ಟು ಕಾಂಕ್ರೀಟಿಗೆ, ಹಳೆ ಇಟ್ಟಂಗಿಗೆ ಅಲ್ಲ. ವೆಲ್ಡರನ್ನು ಮತ್ತೆ ಕರೆಸಿ, ಏಳಕ್ಕೂ ಬಾಲ ಬೆಸೆಸಿ, ಒಂಬತ್ತು ಇಂಚಿನ ಗೋಡೆಯಲ್ಲಿ ನಾಲ್ಕು ಇಂಚು ಚೌಕದ, ಆರು ಇಂಚು ಆಳದ ಗೂಡು ಕೊರೆದದ್ದು. ಗೂಡಿನ ದೂಳು ಊದಿ, ನೀರು ಹೊಡೆದು, ಬಾಲ ಇಟ್ಟು, ಸಿಮೆಂಟು, ಉಸುಕು, ಸಣ್ಣ ಖಡಿ (ಜಲ್ಲಿ) 1:1.5:3ರಂತೆ ಕಲಸಿದ ಕಾಂಕ್ರೀಟನ್ನು ಸಲಾಕೆಯಿಂದ ಇಡಿಕಿರಿದು ತುಂಬಿದ್ದು. ಪ್ರತಿ ಬ್ರಾಕೆಟ್ಟಿನ ತುದಿಗೆ ಆಸರೆಯಾಗಿ ಕಟ್ಟಿಗೆಯ ಊರೆ. ಮೂಲೆಮಟ್ಟ ಹಿಡಿದು ನೋಡಿ, ತುದಿಯನ್ನು 2 ಮಿ.ಮೀ. ಮೇಲಕ್ಕೇ ಬಿಟ್ಟದ್ದು, ಭಾರ ಬಿದ್ದಾಗ ಇಳಿಯುತ್ತದೆ.

ಏಪ್ರಿಲ್ ಬಿಸಿಲು. ದಿನಕ್ಕೆ ನಾಲ್ಕು ಸಲ ಗೂಡುಗಳಿಗೆ ನೀರು, ಮೇಲೆ ಒದ್ದೆ ಗೋಣಿತಟ್ಟು. ಎಂಟು ದಿನ ಮುಟ್ಟಲಿಲ್ಲ. "ಮೂರ ದಿನಕ್ಕ ಗಟ್ಟಿ ಆಕ್ಕೈತ್ರಿ" ಎಂದು ಗೌಂಡಿ ಅವಸರ ಮಾಡಿದ್ದು ನಿಜ. ಅವರ ಲೆಕ್ಕ ಬೇರೆ ಕೆಲಸಕ್ಕೆ ಹೋಗುವುದರದ್ದು.

ಭಾರದ ಲೆಕ್ಕ: ಗ್ರಾನೈಟ್ ಚದರಡಿಗೆ ನಾಲ್ಕೂವರೆ ಕಿಲೋ, 30 ಚದರಡಿಗೆ 135. ಕಡಪಾ ಹಾಸು 150. ಗಾರೆ 70. ಒಟ್ಟು 355 ಕಿಲೋ, ಮೇಲೆ ಪಾತ್ರೆ, ಮಿಕ್ಸರ್, ಅಟ್ಟದ ಡಬ್ಬಿ ತೆಗೆಯಲು ಹತ್ತಿ ನಿಲ್ಲುವ ಒಬ್ಬರು. ಊರೆ ತೆಗೆದ ದಿನ ಪ್ರತಿ ತುದಿಯಲ್ಲಿ ಎರಡು ಸಿಮೆಂಟ್ ಚೀಲ ಇಟ್ಟು ಒಂದು ತಾಸು ಬಿಟ್ಟು ನೋಡಿದ್ದು, ಕದಲಲಿಲ್ಲ. ಆಮೇಲೆ ರೆಡ್ ಆಕ್ಸೈಡ್ ಎರಡು ಕೈ.

ದಿನ 14: ಕಡಪಾ ಹಾಸು

ಹಳೆ ಹಾಳೆಗಳನ್ನೇ ಮಗುಚಿ, ಒರಟು ಬೆನ್ನು ಮೇಲೆ ಬರುವಂತೆ ಬ್ರಾಕೆಟ್ ಮೇಲೆ ಹಾಸಿದ್ದು; ಗಾರೆ ಹಿಡಿಯಲು ಒರಟು ಬೇಕು. ಹಿಂದಿನ ಅಂಚು ಗೋಡೆಯಲ್ಲಿ ಕೊರೆದ ಒಂದೂವರೆ ಇಂಚಿನ ಕಾಲುವೆಯೊಳಗೆ. ಪ್ರತಿ ಜೋಡಣೆಯೂ ಒಂದಲ್ಲ ಒಂದು ಬ್ರಾಕೆಟ್ಟಿನ ಮೇಲೆಯೇ ಬರುವಂತೆ ಕೊಯ್ದದ್ದು. ಮೂರು ಅಡಿಗೆ 3 ಮಿ.ಮೀ. ಇಳಿಜಾರು ಸಿಂಕಿನ ಕಡೆಗೆ. ಮುಂದಕ್ಕೆ ಇಳಿಜಾರು ಕೊಡಬಾರದು, ನೀರೆಲ್ಲ ನಿಂತವರ ಕಾಲಮೇಲೆ.

ದಿನ 15: ಸಿಂಕಿನ ಕಂಡಿ, ಮೂರನೆಯ ತಪ್ಪು

ಸಿಂಕು 24×18 ಇಂಚು, ಮೇಲಿನಿಂದ ಇಳಿಬಿಡುವಂಥದ್ದು. ಕಂಡಿ 23×17. ಮುಂದೆ ಮೂರೂವರೆ ಇಂಚು, ಹಿಂದೆ ನಾಲ್ಕೂವರೆ ಇಂಚಿನ ಪಟ್ಟಿ ಉಳಿಯುತ್ತದೆ. 76 ಕಿಲೋದ ಹಾಳೆಯಲ್ಲಿ ಇವೆರಡೇ ಬಡಕಲು ಜಾಗ.

ಸರಿಯಾದ ಕ್ರಮ: ನಾಲ್ಕೂ ಮೂಲೆಗೆ ಮೊದಲು 25 ಮಿ.ಮೀ. ಕೋರ್ ಬಿಟ್ಟಿನಿಂದ ದುಂಡು ತೂತು, ಆಮೇಲೆ ತೂತಿನಿಂದ ತೂತಿಗೆ ಬ್ಲೇಡು. ದುಂಡು ಮೂಲೆಯಲ್ಲಿ ಸೀಳು ಹುಟ್ಟುವುದು ಕಷ್ಟ. ಕೆಲಸ ಉಳಿಸಲೆಂದು ಪಾಲಿಶ್ ಶೆಡ್ಡಿನಲ್ಲೇ ಕಂಡಿ ಕೊಯ್ಯಿಸಿದ್ದು, ಕೊಯ್ದವರ ಪಕ್ಕ ನಿಲ್ಲದೆ ಇದ್ದದ್ದು, ಎರಡೂ ತಪ್ಪೇ. ಬಂದ ಹಾಳೆಯ ಮೂಲೆಗಳು ಚೌಕ, ಬ್ಲೇಡು ಗುರುತು ದಾಟಿ ಒಂದು ಕಡೆ 10 ಮಿ.ಮೀ. ಒಳಗೆ ಹೋಗಿತ್ತು. ಅಷ್ಟು ಸಾಲದೆ ಟೆಂಪೋದಿಂದ ನಾಲ್ವರು ಹಾಳೆಯನ್ನು ಅಡ್ಡ ಮಲಗಿಸಿಯೇ ಎತ್ತಿ ತಂದರು. ಹೊಸ್ತಿಲು ದಾಟುವಾಗ ಚಿಟ್ ಎಂದು ಒಂದು ಸದ್ದು, ಅಷ್ಟೇ. ಮುಂದಿನ ಪಟ್ಟಿ ಆ 10 ಮಿ.ಮೀ. ಗಾಯದಿಂದ ಹೊರ ಅಂಚಿನವರೆಗೆ ಸೀಳಿತ್ತು. ಕಲ್ಲನ್ನು ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿ ಒಯ್ಯಬೇಕು, ಕಂಡಿ ಇದ್ದರೆ ಅಡ್ಡಕ್ಕೆ ರೀಪು ಕಟ್ಟಿ. ಕೈಯಲ್ಲಿ ಒಳ್ಳೆ ಕಟ್ಟರ್ ಇದ್ದರೆ ಮನೆಯಲ್ಲೇ ಕೊಯ್ಯುವುದು ಉತ್ತಮ.

ಹೊಸ ಹಾಳೆ ಕೊಳ್ಳಬೇಕೆಂದರೆ 2,444 ರೂಪಾಯಿ, ಮತ್ತೆ ಬಾಡಿಗೆ. ಪಟ್ಟಿ ಪೂರ್ತಿ ಬೇರ್ಪಟ್ಟಿರಲಿಲ್ಲವಾದ್ದರಿಂದ ಸರಳು ಕೂಡಿಸಿ ಉಳಿಸಿಕೊಂಡದ್ದು. ಹಾಳೆ ಮಗುಚಿ, ಮುಂದಿನ ಮತ್ತು ಹಿಂದಿನ ಎರಡೂ ಪಟ್ಟಿಯ ಬೆನ್ನಿಗೆ 30 ಇಂಚು ಉದ್ದ, 8 ಮಿ.ಮೀ. ಅಗಲ, 8 ಮಿ.ಮೀ. ಆಳದ ಕಾಲುವೆ ಕೊರೆದು, ತೊಳೆದು, ಪೂರ್ತಿ ಒಣಗಿಸಿ, ಎಪಾಕ್ಸಿ ಸುರಿದು, 6 ಮಿ.ಮೀ. ಸ್ಟೇನ್‌ಲೆಸ್ ಸರಳು ಮುಳುಗಿಸಿದ್ದು. ಸಾದಾ ಕಬ್ಬಿಣದ ಸರಳು ಹಾಕಿದರೆ ಸಿಂಕಿನ ತೇವಕ್ಕೆ ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ತಾನೇ ಸೀಳುತ್ತದೆ. ಸೀಳಿನೊಳಗೂ ತೆಳ್ಳನೆಯ ಎಪಾಕ್ಸಿ ಇಳಿಬಿಟ್ಟು, ಕ್ಲ್ಯಾಂಪ್ ಬಿಗಿದು 24 ತಾಸು. ಗೆರೆ ಈಗ ಕಲ್ಲು ಒದ್ದೆಯಾದಾಗ ಮಾತ್ರ ಕಾಣುತ್ತದೆ. ನಿಜ ಹೇಳಬೇಕೆಂದರೆ, ಹಾಳೆ ಸರಿಯಿದ್ದರೂ ಸಿಂಕಿನ ಪಟ್ಟಿಗೆ ಸರಳು ಮೊದಲೇ ಹಾಕಬೇಕಿತ್ತು. ಸರಳಿನ ಬೆಲೆ ನೂರೈವತ್ತು ರೂಪಾಯಿ.

ದಿನ 16: ಅಂಚಿನ ಪಟ್ಟಿ

ಹಾಳೆ ಮಗುಚಿಯೇ ಇದ್ದಾಗ ಅಂಚಿನ ಪಟ್ಟಿ ಅಂಟಿಸಿದ್ದು, ಮಾರ್ಬಲ್ ಗಮ್ಮಿನಿಂದ. ಮಧ್ಯಾಹ್ನ ಶುರುಮಾಡಿದ್ದರಿಂದ ಮೊದಲ ಪಟ್ಟಿ ಕೆಟ್ಟಿತು. ಆ ಬಿಸಿಲಿಗೆ ನೂರು ಗ್ರಾಂ ಗಮ್ಮಿಗೆ ಮೂರು ಗ್ರಾಂ ಹಾರ್ಡನರ್ ಹಾಕಿದರೆ ಮೂರು ನಿಮಿಷಕ್ಕೆ ಕಲ್ಲಾಗುತ್ತದೆ. ಪಟ್ಟಿ ಒಂದು ಮಿ.ಮೀ. ಹೊರಗೆ ನಿಂತದ್ದನ್ನು ನೋಡುವಷ್ಟರಲ್ಲಿ ಸರಿಸಲು ಬರಲಿಲ್ಲ, ಉಳಿ ಹಾಕಿದಾಗ ಪಟ್ಟಿಯೇ ಮುರಿಯಿತು. ಮಾರನೆ ಬೆಳಿಗ್ಗೆ ಆರೂವರೆಗೆ, ಹಾರ್ಡನರ್ ಎರಡು ಗ್ರಾಮಿಗೆ ಇಳಿಸಿ, ಆರು ಕ್ಲ್ಯಾಂಪ್ ಕೈಗೆ ಸಿಗುವಂತೆ ಇಟ್ಟುಕೊಂಡು ಕೂತಾಗ ಆರೇಳು ನಿಮಿಷ ಸಿಕ್ಕಿತು, ಸಾಕಾಯಿತು.

ಅಂಚಿನ ದುಂಡಿಗೆ ನೀರು ಬಿಡುತ್ತ 50, 100, 200, 400, 800, 1500, 3000 ನಂಬರಿನ ಪ್ಯಾಡು. ನಡುವೆ ಒಂದು ನಂಬರ್ ಹಾರಿಸಿದರೆ ಹೊಳಪಿನ ಕೆಳಗೆ ಹಳೆ ಗೀರು ಉಳಿಯುತ್ತದೆ, ಬೆಳಕಿಗೆ ಓರೆಯಾಗಿ ನೋಡಿದಾಗ ತಿಳಿಯುತ್ತದೆ.

ಪಟ್ಟಿಯ ಅಡಿಯಲ್ಲಿ, ಮುಂದಿನ ಅಂಚಿನಿಂದ ಅರ್ಧ ಇಂಚು ಒಳಗೆ, 4 ಮಿ.ಮೀ. ಅಗಲ ಮತ್ತು ಆಳದ ಒಂದು ಗೀಟು. ಅಂಚು ದಾಟಿ ಹೊರಳಿದ ನೀರು ಆ ಗೀಟಿಗೆ ಬಂದು ತೊಟ್ಟಿಕ್ಕುತ್ತದೆ, ಅಡಿಗುಂಟ ಓಡಿ ಕೆಳಗಿನ ಪೆಟ್ಟಿಗೆಯೊಳಗೆ ಹೋಗುವುದಿಲ್ಲ. ತೆರೆದ ತುದಿಯ 25 ಇಂಚಿಗೆ ಈ ಗೀಟು ಹಾಕುವುದು ಮರೆತಿದೆ, ಇನ್ನೂ ಬಾಕಿ.

ದಿನ 17: ಕೂಡಿಸಿದ್ದು

ಕಡಪಾ ಹಾಸನ್ನು ಹಿಂದಿನ ರಾತ್ರಿಯೇ ನೀರು ಕುಡಿಸಿದ್ದು. ಒಣ ಕಡಪಾದ ಮೇಲೆ ಗಾರೆ ಹಾಕಿದರೆ ಅದು ನೀರು ಎಳೆದುಕೊಂಡು ಗಾರೆ ಪುಡಿಯಾಗುತ್ತದೆ. ಸಿಮೆಂಟು ಒಂದು, ಸೋಸಿದ ಉಸುಕು ನಾಲ್ಕು, 12 ಮಿ.ಮೀ. ದಪ್ಪ, ಮುಷ್ಟಿ ಕಟ್ಟಿದರೆ ನಿಲ್ಲುವಷ್ಟೇ ಒದ್ದೆ. ಗ್ರಾನೈಟಿನ ಬೆನ್ನಿಗೆ ಸಿಮೆಂಟ್ ಗಂಜಿ ಬಳಿದು ಕೂಡಿಸಿ, ಕಟ್ಟಿಗೆ ಇಟ್ಟು ರಬ್ಬರ್ ಸುತ್ತಿಗೆಯಿಂದ ಬಡಿದದ್ದು. ಟೈಲ್ ಅಂಟು ಹಾಕಬಹುದಿತ್ತು, ಆದರೆ ಹಾಸಿನ ಒರಟು ಬೆನ್ನು 9 ಮಿ.ಮೀ. ಏರುಪೇರು, ತೆಳ್ಳಗಿನ ಅಂಟು ಅದನ್ನು ತುಂಬುವುದಿಲ್ಲ.

ಕೂಡಿಸಿದ ಕೂಡಲೆ ಅಂಗೈಯಗಲಕ್ಕೊಂದರಂತೆ ನಾಣ್ಯದಿಂದ ತಟ್ಟುತ್ತ ಹೋಗಬೇಕು. 70 ಇಂಚಿನ ಆಸುಪಾಸಿನಲ್ಲಿ ಒಂದು ತಟ್ಟೆಯಷ್ಟು ಜಾಗ ಬೊಳ್ ಬೊಳ್ ಅಂದಿತು. ಬೇರೆಲ್ಲಾದರೂ ಇದ್ದರೆ ಬಿಡಬಹುದಿತ್ತೇನೋ. ಅದು ರೊಟ್ಟಿ ಬಡಿಯುವ ಜಾಗ. ಕೆಳಗೆ ಟೊಳ್ಳಿದ್ದು ಮೇಲೆ ದಿನಾ ಪೆಟ್ಟು ಬಿದ್ದರೆ ಕಲ್ಲು ಇವತ್ತಲ್ಲ ನಾಳೆ ಸೀಳುತ್ತದೆ. ಗಾರೆ ಹಸಿ ಇದ್ದಾಗಲೇ, ನಲವತ್ತು ನಿಮಿಷದೊಳಗೆ ಹಾಳೆ ಎಬ್ಬಿಸಿ, ಗಾರೆ ಕೆರೆದು ತೆಗೆದು ಹೊಸದಾಗಿ ಹಾಕಿದ್ದು. ಗೌಂಡಿ ಮುಖ ಗಂಟಿಕ್ಕಿದರು, ಕೆಲಸ ಮಾತ್ರ ಸರಿ ಮಾಡಿದರು.

ಜೋಡಣೆಗೆ ಒಂದೂವರೆ ಮಿ.ಮೀ. ಸಂದು, ಅದರೊಳಗೆ ಕೊಯ್ಯುವಾಗ ಬಿದ್ದ ಕೆಂಪು ಕಲ್ಲಿನ ಹಿಟ್ಟು ಬೆರೆಸಿದ ಎಪಾಕ್ಸಿ. ಎರಡೂ ಕಡೆ ಟೇಪ್ ಅಂಟಿಸಿ ತುಂಬಿದರೆ ಮೈ ಕೊಳೆಯಾಗುವುದಿಲ್ಲ.

ದಿನ 18

ಸ್ಕರ್ಟಿಂಗ್. ಗೋಡೆ ನಡುವೆ 11 ಮಿ.ಮೀ. ಬಾಗಿತ್ತು, ಸ್ಕರ್ಟಿಂಗಿನ ದಪ್ಪ ಅದನ್ನು ಮುಚ್ಚಿತು. ಕಟ್ಟೆಗೂ ಸ್ಕರ್ಟಿಂಗಿಗೂ ನಡುವೆ 3 ಮಿ.ಮೀ. ಬಿಟ್ಟು ಬೂಷ್ಟು ಹಿಡಿಯದ ಸಿಲಿಕೋನ್ ತುಂಬಿದ್ದು. ಅಲ್ಲಿ ಬಿಳಿ ಸಿಮೆಂಟು ತುಂಬುವುದು ರೂಢಿ, ರೊಟ್ಟಿಯ ಪೆಟ್ಟಿಗೆ ಅದು ಉದುರಿ ನೀರು ಗೋಡೆಗೆ ಇಳಿಯುತ್ತದೆ. ಗ್ಯಾಸ್ ಪೈಪಿಗೆ 35 ಮಿ.ಮೀ. ತೂತು. ಒಲೆಗೆ ಕಂಡಿ ಕೊಯ್ಯಲಿಲ್ಲ. ಒಂದು ಹಾಳೆಗೆ ಒಂದು ಗಾಯ ಸಾಕು.

ದಿನ 28: ಸೀಲರ್ ಬೇಕೇ?

ಗಾರೆಯ ತೇವ ಆರುವ ಮೊದಲು ಸೀಲರ್ ಹಚ್ಚಿದರೆ ತೇವ ಒಳಗೇ ಸಿಕ್ಕಿ ಕಪ್ಪು ಮೋಡ ಕಾಣುತ್ತದೆ, ಅದಕ್ಕೇ ಹತ್ತು ದಿನ ಬಿಟ್ಟದ್ದು. ನೀರಿನ ಹನಿ ಇಟ್ಟು ಇಪ್ಪತ್ತು ನಿಮಿಷ ನೋಡಿದಾಗ ಕಲ್ಲಿನ ಬಣ್ಣ ಕಪ್ಪಾಗಲಿಲ್ಲ. ಕುಡಿಯದ ಕಲ್ಲಿಗೆ ಸೀಲರ್ ದಂಡ. ಸಿಂಕಿನ ಕಂಡಿಯ ಕೊಯ್ದ ಅಂಚಿಗೆ ಮಾತ್ರ ಹಚ್ಚಿದ್ದು.

ಲೆಕ್ಕ, ರೂಪಾಯಿಗಳಲ್ಲಿ

ಗ್ರಾನೈಟ್ ಮೊದಲ ಖರೀದಿ 4,456, ಎರಡನೆಯದು 780
ಟೆಂಪೋ ಎರಡು ಸಲ 1,500
ಆ್ಯಂಗಲ್ 36 ಕಿಲೋ 2,520, ವೆಲ್ಡಿಂಗ್ 1,400, ಬಣ್ಣ 350
ಸಿಮೆಂಟು 3 ಚೀಲ 1,200. ಉಸುಕು, ಖಡಿ 500
ಗೌಂಡಿ ಮತ್ತು ಆಳು, ಐದು ದಿನ 7,500
ಅಂಚಿನ ದುಂಡು, ಪಾಲಿಶ್ 1,730, ಸಿಂಕಿನ ಕಂಡಿ 600, ತೂತು 200
ಎಪಾಕ್ಸಿ, ಗಮ್, ಸಿಲಿಕೋನ್, ಸೀಲರ್ 1,450
ಸ್ಟೇನ್‌ಲೆಸ್ ಸರಳು 150
ದಂಡವಾದ ಆ್ಯಂಕರ್ ಬೋಲ್ಟು 490
ಒಟ್ಟು 24,826

ಇದರಲ್ಲಿ ಕಲ್ಲು 5,236. ಕ್ವಾರ್ಟ್ಜಿಗೆ ಚದರಡಿಗೆ 380 ಹೇಳಿದ್ದರು; ಅದನ್ನು ಕೊಂಡಿದ್ದರೆ ಕಲ್ಲಿಗೇ 17,000, ಕಬ್ಬಿಣದ ಖರ್ಚು ಇಷ್ಟೇ. ದುಬಾರಿ ಕಲ್ಲಿಗೆ ದುಡ್ಡು ಹೊಂದಿಸಿ ಬ್ರಾಕೆಟ್ಟಿನಲ್ಲಿ ಉಳಿಸುವವರನ್ನು ಕಂಡಾಗ ಈ ಲೆಕ್ಕ ತೋರಿಸಬಹುದು.

ಮಳೆ ಬಿದ್ದ ಮೇಲೆ

ಕಟ್ಟೆಯ ಕೆಳಗಿನ ಪೆಟ್ಟಿಗೆಗಳನ್ನು ಪರಸಿಯ ಮೇಲೆ ಬಿಡಿಯಾಗಿ ನಿಲ್ಲಿಸಿ, ತಲೆಗೂ ಬ್ರಾಕೆಟ್ಟಿಗೂ ನಡುವೆ ಅರ್ಧ ಇಂಚು ಬಿಟ್ಟಿತ್ತು. ಪೆಟ್ಟಿಗೆ ಮಾಡಿದ ಬಡಿಗರು ಆ ಸಂದಿಗೆ ಪಟ್ಟಿ ಹೊಡೆದು ಮುಚ್ಚಲು ಹೊರಟಿದ್ದರು, ಬೇಡವೆಂದದ್ದು. ಏಪ್ರಿಲಿನಲ್ಲಿ ಅಳತೆ 12.5 ಮಿ.ಮೀ. ಎರಡು ಒಳ್ಳೆ ಮಳೆಯಾದ ಮೇಲೆ ಸಿಂಕಿನ ಪಕ್ಕ ಅಳೆದಾಗ 9.5. ಪರಸಿ ಮೂರು ಮಿ.ಮೀ. ಎದ್ದಿದೆ. ಕಟ್ಟೆಯ ಮೇಲೆ ಬಿಗಿದ ದಾರಕ್ಕೂ ಕಲ್ಲಿಗೂ ನಡುವೆ ಏಪ್ರಿಲಿನಲ್ಲಿ ಎಷ್ಟು ಸಂದಿತ್ತೋ ಅಷ್ಟೇ ಇದೆ.